ಯಾರಿಗೆ ಹೇಳಿದ ಮಾತು

ಒಪ್ಪಂದ ಸರಳವಾಗಿತ್ತು. ಆಶ್ರಮದಿಂದ ದಿನಕ್ಕೊಂದು ಮಾತು ಹೋಗಬೇಕು. ಮಾತು ಪಡೆದವರ ಮನೆಯಿಂದ ಸುಗ್ಗಿಗೊಂದು ಚೀಲ ಧಾನ್ಯ ಬರಬೇಕು.

ಮಾತು ಗುರು ಮರುಳಯ್ಯನವರದು. ವ್ಯವಹಾರ ಕುದುರಿಸಿದವನು ಶಿಷ್ಯ ಪಂಚಾಕ್ಷರಿ.

ಶಿಂಷಾ ಹೊಳೆಯ ದಂಡೆಯ ಮೇಲೆ ಸಣ್ಣದೊಂದು ಆಶ್ರಮ. ಉಣ್ಣುವ ಬಾಯಿ ಹೆಚ್ಚು, ಉಗ್ರಾಣದಲ್ಲಿ ಕಾಳು ಕಡಿಮೆ. ಇಂಥ ಕಡೆ ಇದು ನಷ್ಟದ ವ್ಯಾಪಾರವಾಗಿರಲಿಲ್ಲ. ಸರಕಿಗೆ ಅಸಲು ಹಾಕಬೇಕಿಲ್ಲ, ಸಾಗಿಸಲು ಗಾಡಿ ಬೇಕಿಲ್ಲ, ಎಷ್ಟು ಕೊಟ್ಟರೂ ದಾಸ್ತಾನು ಕರಗುವುದಿಲ್ಲ.

ಪಂಚಾಕ್ಷರಿಗೆ ಇನ್ನೊಂದು ಆಸೆಯೂ ಇತ್ತು. ಗುರುಗಳ ಮಾತುಗಳದೊಂದು ಪುಸ್ತಕ ಬರೆಯಬೇಕು. ಅದಕ್ಕಾಗಿ ವರ್ಷಗಳಿಂದ ಕೂಡಿಸುತ್ತಲೇ ಇದ್ದ.

ಕೂಡಿಸುವ ಕ್ರಮ ಅಚ್ಚುಕಟ್ಟು. ಗುರುಗಳು ಬಾಯಿ ತೆರೆದರೆ ಇವನ ಫೋನು ಕೇಳಿಸಿಕೊಳ್ಳುತ್ತಿತ್ತು. ಕೇಳಿದ್ದನ್ನು ತಾನೇ ಅಕ್ಷರ ಮಾಡುತ್ತಿತ್ತು. ಇವನು ಅದರ ಹಿಂದುಮುಂದು ಕತ್ತರಿಸಿ, ತಾಳ್ಮೆ, ಸಾವು, ಸಂಸಾರ ಎಂದು ಟ್ಯಾಗ್ ಹಚ್ಚಿ ಒಂದು ಆ್ಯಪಿನೊಳಗೆ ಇಡುತ್ತಿದ್ದ. ಅದರದೊಂದು ಪ್ರತಿ ಕ್ಲೌಡಿನಲ್ಲಿ ಭದ್ರ.

ಬೆಳಿಗ್ಗೆ ಆರಕ್ಕೆ ಆ್ಯಪು ತನಗೆ ತೋಚಿದ ಒಂದು ಮಾತನ್ನು ಎತ್ತಿ, ಸೂರ್ಯೋದಯದ ಚಿತ್ರದ ಮೇಲೆ ಕೂರಿಸಿ, ನೂರಾರು ಜನರ ವಾಟ್ಸಾಪಿಗೆ ಕಳಿಸುತ್ತಿತ್ತು. ಪಂಚಾಕ್ಷರಿ ಆ ಹೊತ್ತಿನಲ್ಲಿ ಹೊಳೆಯಲ್ಲಿ ಮೀಯುತ್ತಿರುತ್ತಿದ್ದ.

ಒಂದು ದಿನ ಇದನ್ನೆಲ್ಲ ಗುರುಗಳಿಗೆ ತೋರಿಸಿದ.

"ಇನ್ನು ನಿಮ್ಮ ಒಂದು ಮಾತೂ ಕಳೆದುಹೋಗಲ್ಲ, ಗುರುಗಳೇ."

"ಕೆಲವನ್ನ ಕಳೆದುಹೋಗಲಿ ಅಂತಲೇ ಆಡಿರ್ತೀನಲ್ಲೋ."

ಪಂಚಾಕ್ಷರಿ ನಕ್ಕು ಆ ಮಾತನ್ನೂ ಆ್ಯಪಿಗೆ ಹಾಕಿದ. ಟ್ಯಾಗ್: ವೈರಾಗ್ಯ.

ಗುರುಗಳು ಪರದೆಯ ಮೇಲೆ ಬೆರಳಿಟ್ಟರು. "ಇದೇನಿದು? 'ಕಡಿಮೆ ಇರಲಿ. ನಾಲಿಗೆ ತಾನಾಗಿ ಕಲಿಯುತ್ತದೆ.' ಇದನ್ನ ನಾನು ಯಾವಾಗ ಅಂದೆ?"

"ಹೋದ ತಿಂಗಳು. ಮಿತವಾಗಿ ಮಾತಾಡುವುದರ ಬಗ್ಗೆ."

"ಸಾರಿನ ಉಪ್ಪಿನ ಬಗ್ಗೆ ಕಣೋ. ಅಡುಗೆಯವನಿಗೆ ಅಂದದ್ದು."

"ಜನಕ್ಕೆ ತುಂಬಾ ಹಿಡಿಸಿತು, ಗುರುಗಳೇ. ಒಬ್ಬರು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಂಡಿದ್ದಾರೆ."

"ಅವರ ಮನೇಲಿ ಸಾರು ಹೇಗಿದೆಯಂತೆ?" ಎಂದು ಗುರುಗಳು ಊಟಕ್ಕೆ ಎದ್ದರು.

ಮಾತು ಹೋದ ದಾರಿಯಲ್ಲೇ ಪ್ರಶ್ನೆಗಳು ಬರತೊಡಗಿದವು. ಮಗಳ ಮದುವೆ, ಕೊಳವೆಬಾವಿ, ಅತ್ತೆ ಸೊಸೆಯ ರಂಪ. ಒಬ್ಬನೇ ಎಷ್ಟೆಂದು ಕೇಳಿಯಾನು? ಪಂಚಾಕ್ಷರಿ ಫೋನಿಗೇ ಉತ್ತರ ಕಲಿಸಿಟ್ಟ. ಯಾರು ಏನು ಕೇಳಿದರೂ ಮರುಗಳಿಗೆಯಲ್ಲಿ ಹೋಗುತ್ತಿತ್ತು: "ನಿಮ್ಮ ಮಾತು ಗುರುಗಳಿಗೆ ತಲುಪಿದೆ."

ಸುಗ್ಗಿ ಬಂತು. ಚೀಲಗಳೂ ಬಂದವು. ಉಗ್ರಾಣದ ಬಾಗಿಲು ಹಾಕಲು ಭುಜ ಕೊಟ್ಟು ತಳ್ಳಬೇಕಾಯಿತು.

ಒಂದು ಮಧ್ಯಾಹ್ನ ಚಲುವಯ್ಯ ಬಂದ. ಹೊಳೆಯಾಚೆ ಊರಿನಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡವನು. ಹೆಗಲ ಮೇಲೆ ರಾಗಿಹಿಟ್ಟಿನ ಚೀಲವಿತ್ತು. ತಲೆ ಬೋಳಿಸಿತ್ತು.

ಚೀಲ ಇಳಿಸಿ, ಗುರುಗಳ ಕಾಲು ಮುಟ್ಟಿ, ಕಂಬಕ್ಕೊರಗಿ ಕೂತ. ಆ ಸೀಮೆಯವರು ಸ್ವಾಮಿಗಳನ್ನು ಕರೆಯುವುದೇ ಬುದ್ಧಿ ಎಂದು.

"ರಾಚಮ್ಮ ಹೋಗ್ಬುಟ್ಲು, ಬುದ್ಧಿ. ಮಕ್ಳಿಲ್ಲ ಮರಿಯಿಲ್ಲ. ಕರ್ಮ ಎಲ್ಲ ನಾನೇ ಮಾಡಿ ಮುಗಿಸ್ದೆ."

ಗುರುಗಳಿಗೆ ಅವನ ಹೆಂಡತಿ ಗೊತ್ತಿತ್ತು.

"ನಂಗೊಂದು ಮಾತು ಹೇಳಿಕಳಿಸಬಾರದಿತ್ತೇನಪ್ಪ?"

ಚಲುವಯ್ಯ ತಲೆಯೆತ್ತಿದ. "ಹೇಳಿಕಳಿಸಿದ್ನಲ್ಲ ಬುದ್ಧಿ. ತಲುಪಿದೆ ಅಂತ ನೀವೇ ಬರ್ದಿದ್ರಿ. ಬೆಳಿಗ್ಗೆ ಉತ್ರಾನೂ ಕಳಿಸಿದ್ರಿ."

ಪಂಚಾಕ್ಷರಿ ಮಜ್ಜಿಗೆ ತರುತ್ತಿದ್ದ. ಬಾಗಿಲಲ್ಲೇ ನಿಂತುಬಿಟ್ಟ.

ಗುರುಗಳು ಅವನ ಕಡೆ ನೋಡಲಿಲ್ಲ. "ಏನು ಕೇಳಿದ್ದೆ ಚಲುವಯ್ಯ? ಇನ್ನೊಂದು ಸಲ ಹೇಳು. ನಿಧಾನಕ್ಕೆ ಹೇಳು."

"ಅವಳ ಎದೆ ಕೆಟ್ಟೋಗಿತ್ತು ಬುದ್ಧಿ. ಮೈಸೂರಿಗೆ ಕರ್ಕೊಂಡೋಗಿ ಆಪರೇಷನ್ ಮಾಡ್ಸಿದ್ರೆ ಉಳಿದ್ರೂ ಉಳಿಬೋದು, ಟೇಬಲ್ ಮೇಲೇ ಹೋದ್ರೂ ಹೋಗ್ಬೋದು ಅಂದ್ರು ಡಾಕ್ಟ್ರು. ಬೆಳಿಗ್ಗೆ ಹೊತ್ತಿಗೆ ಏನಂತ ಹೇಳಿ ಅಂದ್ರು. ನಂಗೆ ಕೈಕಾಲೇ ಆಡ್ಲಿಲ್ಲ. ಸಂಜೆ ಫೋನಲ್ಲಿ ಮಾತಾಡಿ ನಿಮ್ಗೆ ಕಳಿಸ್ದೆ. ಮೈಸೂರಿಗೆ ಕರ್ಕೊಂಡೋಗ್ಲಾ, ಮನೆಗೆ ಕರ್ಕೊಂಡೋಗ್ಲಾ ಅಂತ. ಬೆಳಗಾಗ್ತಲೂ ಇದು ಬಂತು."

ಫೋನು ಮುಂದೆ ಹಿಡಿದ.

"ಓದು ಪಂಚಾಕ್ಷರಿ," ಎಂದರು ಗುರುಗಳು.

ಓದಿದ. "ಬಿಟ್ಟುಬಿಡು. ಹಿಡಿದವನ ಕೈಗೇ ನೋವು ಹೆಚ್ಚು."

ಹಿಂದೆ ಕೆಂಪು ಸೂರ್ಯ. ಕೆಳಗೆ ಗುರುಗಳ ಹೆಸರು.

"ಬಿಟ್ಟೆ ಬುದ್ಧಿ," ಎಂದ ಚಲುವಯ್ಯ. "ಮನೆಗೆ ಕರ್ಕೊಂಡು ಬಂದೆ. ವಾರ ತುಂಬ್ಲಿಲ್ಲ. ನಿಮ್ಮ ಮಾತು ನಡೆಸ್ದೆ ಅಂತ ಹೇಳಿ ಹೋಗೋಣ ಅಂತ ಬಂದೆ."

ಹೇಳಿದ್ದು ಆಯಿತು. ಆದರೆ ಅವನು ಏಳಲಿಲ್ಲ. ಹೆಗಲ ಟವಲು ತೆಗೆದು ಮಡಿಸಿದ. ಬಿಚ್ಚಿ ಮತ್ತೆ ಮಡಿಸಿದ.

"ಬುದ್ಧಿ, ಅದು ನಂಗೇ ಹೇಳಿದ್ದು ತಾನೆ?"

ಗುರುಗಳು ಹೌದು ಎಂದುಬಿಡಲಿ ಎಂದು ಪಂಚಾಕ್ಷರಿ ಒಳಗೊಳಗೇ ಬೇಡಿಕೊಂಡ. ಒಂದೇ ಪದ ಸಾಕು, ಈ ಮನುಷ್ಯ ಹಗುರಾಗಿ ಎದ್ದು ಹೋಗುತ್ತಾನೆ. ಬೇಡಿಕೊಳ್ಳುತ್ತಲೇ ಅವನಿಗೆ ತಿಳಿಯಿತು, ಹಗುರಾಗಬೇಕಿದ್ದದ್ದು ಚಲುವಯ್ಯನಿಗಿಂತ ತನಗೇ.

ಗುರುಗಳು ಈಗ ಅವನನ್ನು ನೋಡಿದರು. "ನೀನು ಹೇಳು. ಕಳಿಸಿದವನು ನೀನು."

ಪಂಚಾಕ್ಷರಿ ಲೋಟ ಕೆಳಗಿಟ್ಟು ಕೂತ.

"ಇಲ್ಲ ಚಲುವಯ್ಯನವರೇ. ಗುರುಗಳು ನಿಮ್ಮ ಪ್ರಶ್ನೆ ಕೇಳಲೇ ಇಲ್ಲ. ನಾನೂ ಕೇಳಲಿಲ್ಲ. ತಲುಪಿದೆ ಅಂತ ಬರೆದದ್ದು ಫೋನು. ಬೆಳಗಿನ ಮಾತು ಆರಿಸಿದ್ದೂ ಫೋನೇ."

"ಹಂಗಾರೆ ಇದು ಯಾರಿಗೆ ಹೇಳಿದ ಮಾತು?"

ಪಂಚಾಕ್ಷರಿ ತನ್ನ ಫೋನು ತೆಗೆದು ಹುಡುಕಿದ. ಮಾತು ಸಿಕ್ಕಿತು. ಆಡಿದ ತಾರೀಖು ಇತ್ತು. ಟ್ಯಾಗ್ ಇತ್ತು. ಎಷ್ಟು ಜನ ಅದನ್ನು ಮುಂದಕ್ಕೆ ಕಳಿಸಿದರು ಎಂಬ ಲೆಕ್ಕವೂ ಇತ್ತು. ಯಾರಿಗೆ ಹೇಳಿದ್ದು ಎಂಬುದು ಮಾತ್ರ ಇರಲಿಲ್ಲ. ಅದನ್ನು ಬರೆದಿಡುವ ಜಾಗವನ್ನೇ ಅವನು ಮಾಡಿರಲಿಲ್ಲ.

ಗುರುಗಳೇ ಹೇಳಿದರು. "ಇಬ್ಬರು ಅಣ್ಣತಮ್ಮಂದಿರು. ಮನೆ ನಡುವಿನ ಗೋಡೆಗೆ ಕಿತ್ತಾಡ್ಕೊಂಡು ಬಂದಿದ್ರು. ದೊಡ್ಡವನಿಗೆ ಅಂದೆ, 'ಆ ಗೋಡೆ ಬಿಟ್ಟುಬಿಡೋ ಪುಣ್ಯಾತ್ಮ, ಹಿಡಿದವನ ಕೈಗೇ ನೋವು ಹೆಚ್ಚು' ಅಂತ. ಒಂದು ಗೋಡೆಗೆ ಅಂದದ್ದು ಚಲುವಯ್ಯ. ನಿನ್ನ ರಾಚಮ್ಮನಿಗಲ್ಲ."

ಚಲುವಯ್ಯ ಕೂಗಾಡುತ್ತಾನೆ ಎಂದು ಪಂಚಾಕ್ಷರಿ ಕಾದ. ಹೊಡೆದರೂ ಹೊಡೆಯಲಿ ಎಂದು ಕಾದ.

"ಗೊತ್ತಿತ್ತು ಬುದ್ಧಿ," ಎಂದ ಚಲುವಯ್ಯ.

ಮಡಿಸಿದ ಟವಲನ್ನು ತೊಡೆಯ ಮೇಲಿಟ್ಟುಕೊಂಡ.

"ಪಕ್ಕದ ಮಂಚದಲ್ಲಿ ಒಬ್ಬ ಕಾಲು ಮುರ್ಕೊಂಡು ಮಲಗಿದ್ದ. ಅವರಮ್ಮನ ಫೋನ್ಗೂ ಅದೇ ಬಂತು. ಅದೇ ಸೂರ್ಯ, ಅದೇ ಮಾತು. ಆವಮ್ಮ ನಂಗೇ ತೋರ್ಸಿ, ಎಷ್ಟು ಚೆನ್ನಾಗೈತೆ ನೋಡಿ ಅಂತು. ಆದ್ರೂ ನಂಗೇ ಅಂತ ಹಿಡ್ಕೊಂಡೆ. ಹಿಂಗೆ ಮಾಡು ಅಂತ ಯಾರಾದ್ರೂ ಹೇಳ್ಬುಟ್ರೆ ಸಾಕು ಅಂತ ಕಾಯ್ತಿದ್ದೆ ಬುದ್ಧಿ. ನಾನೇ ಹೇಳೋಕೆ ಧೈರ್ಯ ಸಾಲ್ಲಿಲ್ಲ. ಇವತ್ತು ನೀವೂ ಒಂದು ಹೂಂ ಅಂದ್ರೆ ಕಣ್ಣಿಗೆ ನಿದ್ದೆ ಹತ್ತೀತೇನೋ ಅಂತ ಬಂದೆ."

ಗುರುಗಳು ಹೂಂ ಅನ್ನಲಿಲ್ಲ.

"ಅವತ್ತು ನಿಮ್ಗೆ ಕೇಳ್ಸಿದ್ರೆ ಏನಂತಿದ್ರಿ ಬುದ್ಧಿ?"

"ನಂಗೆ ಗೊತ್ತಾಗ್ತಿರಲಿಲ್ಲ ಕಣಪ್ಪ."

"ಏನೂ ಅಂತಿರ್ಲಿಲ್ವಾ?"

"ಬಸ್ಸು ಹತ್ತಿ ಬಂದು ನಿನ್ನ ಪಕ್ಕ ಕೂರ್ತಿದ್ದೆ."

ಹೆಂಡತಿ ಸತ್ತದ್ದನ್ನು ಹೇಳುವಾಗ ಅಳದವನು ಈಗ ಅತ್ತ. ಟವಲು ಬಾಯಿಗೆ ಒತ್ತಿಕೊಂಡು, ಭುಜ ಕುಲುಕುತ್ತ ಅತ್ತ.

ನೋಡಲಾರದೆ ಪಂಚಾಕ್ಷರಿ ಕಣ್ಣು ತಗ್ಗಿಸಿದ. ಕೈಯಲ್ಲಿ ಫೋನಿತ್ತು. ಬೆರಳು ತಾನಾಗಿಯೇ ಹಳೆಯ ಪ್ರಶ್ನೆಗಳ ಸಾಲಿನಲ್ಲಿ ಇಳಿಯಿತು. ಚಲುವಯ್ಯನ ಹೆಸರು ಬಂತು. ಅವನ ದನಿ ಅಲ್ಲೇ ಇತ್ತು, ಯಾರೂ ಕೇಳಿಲ್ಲ ಎಂಬ ಗುರುತಿನೊಂದಿಗೆ.

ಗುರುಗಳು ಅದನ್ನು ಕಂಡರು. "ಕೇಳಿಸು."

"ಈಗ ಕೇಳಿ ಏನು ಮಾಡುವುದು ಗುರುಗಳೇ?"

"ನನಗೆ ತಲುಪಿದೆ ಅಂತ ಬರೆದಿದ್ದೀಯ. ತಲುಪಿಸು."

ಪಂಚಾಕ್ಷರಿ ಒತ್ತಿದ.

ವಾರ್ಡಿನ ಗದ್ದಲ. ಎಲ್ಲೋ ಬಕೆಟ್ಟು ಎಳೆದ ಸದ್ದು. ಆಮೇಲೆ ಚಲುವಯ್ಯನ ದನಿ: "ಬುದ್ಧಿ, ನಾನು ಮಿಲ್ಲಿನ ಚಲುವಯ್ಯ..." ಡಾಕ್ಟರು ಅಂದದ್ದನ್ನು ತಡವರಿಸುತ್ತ ಹೇಳಿದ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ. ಹಿಂದಿನಿಂದ ಒಂದು ಹೆಣ್ಣು ದನಿ ನಡುವೆ ಬಾಯಿ ಹಾಕಿತು. ಸೋತ ದನಿ, ಆದರೆ ಗದರುವ ದನಿ.

"ಯಾರ್ಗೆ ಮಾಡ್ತಿದೀಯ? ಬುದ್ಧಿಯೋರ್ಗಾ? ಅವರೇನು ಡಾಕ್ಟ್ರಾ, ಪಾಪ?"

"ಸುಮ್ನಿರೆ."

"ನಾನ್ಯಾಕೆ ಸುಮ್ನಿರ್ಲಿ? ಮೈಸೂರಾದ್ರೆ ಮೈಸೂರು, ಮನೆಯಾದ್ರೆ ಮನೆ. ಯಾವುದಾದ್ರೂ ಒಂದು ಮಾಡು, ಹಿಂಗೆ ಮೋರೆ ಹಾಕ್ಕೊಂಡು ಕೂರ್ಬೇಡ. ಮೊದ್ಲು ಆ ಇಡ್ಲಿ ತಿನ್ನು, ಆರೋಯ್ತದೆ."

ಅಲ್ಲಿಗೆ ನಿಂತಿತು.

ಚಲುವಯ್ಯ ಟವಲು ಕೆಳಗಿಳಿಸಿದ್ದ. "ಇನ್ನೊಂದ್ಸಲ ಹಾಕಿ."

ಹಾಕಿದ.

"ಇನ್ನೊಂದ್ಸಲ."

ಮೂರನೆಯ ಸಲಕ್ಕೆ ಅವನ ತುಟಿಯೂ ಅವಳ ಜೊತೆ ಆಡಿತು.

"ಇಡ್ಲಿ ತಿನ್ನು ಅಂದಿದ್ದು ಜ್ಞಾಪಕ ಐತೆ," ಎಂದ. "ಅದಕ್ಕೆ ಮುಂಚೆ ಅಂದಿದ್ದು ನನ್ನ ಕಿವಿಗೇ ಬೀಳ್ಲಿಲ್ಲ ಬುದ್ಧಿ. ಪಕ್ಕದಲ್ಲೇ ಕೂತಿದ್ದೆ. ನಿಮ್ಮ ಉತ್ರ ಬತ್ತದೆ ಅಂತ ಫೋನೇ ನೋಡ್ತಿದ್ದೆ. ನನ್ನ ಫೋನಲ್ಲೂ ಇದು ಇರ್ತದಲ್ವಾ? ಮಾತಾಡಿದ್ದು ನಾನೇ ತಾನೆ ಅಂತ ತಿರುಗಿ ಹಾಕ್ಲೇ ಇಲ್ಲ."

"ತಿಂದ್ಯಾ?" ಎಂದರು ಗುರುಗಳು.

"ಏನು ಬುದ್ಧಿ?"

"ಇಡ್ಲಿ."

"ಇಲ್ಲ ಬುದ್ಧಿ. ಆರೋಗಿತ್ತು."

"ಏಳು. ಊಟ ಮಾಡೋಣ."

ಗುರುಗಳ ಊಟ ಆಗಲೇ ಆಗಿತ್ತು. ಆದರೂ ಅವನ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸಿಕೊಂಡು ಕೂತರು. ಪಂಚಾಕ್ಷರಿ ಬಡಿಸಿದ. ಚಲುವಯ್ಯ ಉಂಡೇಳುವವರೆಗೂ ಗುರುಗಳು ಒಂದು ಮಾತೂ ಆಡಲಿಲ್ಲ. ಬರೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಹೊತ್ತು ಇಳಿಯುವ ಮೊದಲು ಚಲುವಯ್ಯ ಹೊರಟ. ದಂಡೆ ಇಳಿಯುತ್ತ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಮಾತಾಡುತ್ತಿರಲಿಲ್ಲ, ಕೇಳುತ್ತಿದ್ದ.

ಪಂಚಾಕ್ಷರಿ ಬಂದು ಗುರುಗಳ ಎದುರು ನಿಂತ.

"ಆರು ಗಂಟೆಯದನ್ನ ನಿಲ್ಲಿಸಿದೆ. ತಲುಪಿದೆ ಅನ್ನೋದನ್ನೂ ತೆಗೆದೆ."

"ಇನ್ನು ಧಾನ್ಯ ಬರಲ್ಲ."

"ಗೊತ್ತು. ಹೊಳೆಯಾಚೆ ಹೋಗಿ ಕಾಳು ಕೇಳಿಕೊಂಡು ಬರ್ತೀನಿ."

"ಪುಸ್ತಕ?"

ಪಂಚಾಕ್ಷರಿ ತಲೆಯಲ್ಲಾಡಿಸಿದ. "ಒಂದು ಜೀವ ಹೋಯ್ತಲ್ಲ ಗುರುಗಳೇ."

"ಮೈಸೂರಿಗೆ ಹೋಗಿದ್ರೂ ಹೋಗ್ತಿತ್ತೇನೋ. ಉಳೀತಿತ್ತೇನೋ. ಅದು ನಿನಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಗೊತ್ತಾಗದೆ ಇರೋದನ್ನ ಇನ್ಮೇಲೆ ಮೂರು ಜನ ಹೊರಬೇಕು."

"ಚಲುವಯ್ಯನವರಿಗೆ ನಾನೇನು ಮಾಡಲಿ?"

"ಅವನು ಫೋನ್ ಮಾಡಿದಾಗ ಎತ್ತು."

ಪಂಚಾಕ್ಷರಿ ಫೋನನ್ನು ಗುರುಗಳ ಮುಂದಿಟ್ಟ.

"ಉಳಿದದ್ದನ್ನೆಲ್ಲ ಅಳಿಸಿಬಿಡಲಾ? ಇಷ್ಟು ವರ್ಷ ಕೂಡಿಹಾಕಿದ್ದರಿಂದ ಏನೂ ಗಿಟ್ಟಲಿಲ್ಲವಾ ಗುರುಗಳೇ?"

"ಗಿಟ್ಟಿತಲ್ಲೋ," ಎಂದರು ಗುರುಗಳು. "ಅಷ್ಟೂ ಮಾತಿನಲ್ಲಿ, ಯಾರಿಗೆ ಸೇರಬೇಕಿತ್ತೋ ಅವರಿಗೇ ಸೇರಿದ್ದು ಒಂದು. ಅದೂ ನನ್ನದಲ್ಲ, ರಾಚಮ್ಮನದು."