ಜೋಡಿ ಕಮಾನು

“ಬುದ್ಧೀ, ಒಂದೇ ಮಾತ್ರೆಯನ್ನು ಇಬ್ಬರು ನುಂಗುತ್ತಾರೆ. ಒಬ್ಬ ಕೆಲವು ತಿಂಗಳಲ್ಲಿ ಬಿಟ್ಟುಬಿಡುತ್ತಾನೆ. ಇನ್ನೊಬ್ಬ ಬಿಡಹೋಗಿ ನಡುಗುತ್ತಾನೆ. ಎರಡನೆಯವನದು ಸೋತ ಮನಸ್ಸು ಎಂದೇ ಅರ್ಥವಲ್ಲವೇ?”

ಕೇಳಿದವನು ಮುದ್ದಯ್ಯ. ಮಠದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಕೇಳಿಸಿಕೊಂಡವರು ಅಯ್ಯನವರು. ಹಿರಿಯ ಅಯ್ಯನವರು ಲಿಂಗೈಕ್ಯರಾದ ಮೇಲೆ ಅದೇ ವರ್ಷ ಗದ್ದುಗೆಗೆ ಬಂದಿದ್ದರು. ಗುರುಶಿಷ್ಯರಿಬ್ಬರೂ ಮಠದ ಮೊಗಸಾಲೆಯಲ್ಲಿ, ಕಮಾನಿನ ನೆರಳಲ್ಲಿ ಕೂತಿದ್ದರು.

ಮುದ್ದಯ್ಯನ ಮಡಿಲಲ್ಲಿ ಒಂದು ಬಟ್ಟೆಯ ಗಂಟಿತ್ತು. ಅದರಲ್ಲಿ ಅವನ ಮಾತ್ರೆಗಳಿದ್ದವು. ಎರಡು ವರ್ಷದ ಹಿಂದೆ ಅವನಿಗೆ ನಿದ್ದೆ ಬಾರದಾಗಿತ್ತು. ತರಗತಿಯ ಬಾಗಿಲು ಕಂಡರೆ ಸಾಕು, ಎದೆ ಬಡಿದುಕೊಳ್ಳುತ್ತಿತ್ತು. ಅದೇ ತಿಂಗಳು ಅವನ ಜೊತೆಯವನಾದ ಗುರುಪಾದನಿಗೂ ಹಾಗೇ ಆಗಿತ್ತು. ಇಬ್ಬರೂ ಒಬ್ಬರೇ ವೈದ್ಯರ ಹತ್ತಿರ ಹೋದರು. ವೈದ್ಯರು ಇಬ್ಬರಿಗೂ ಒಂದೇ ಮಾತ್ರೆ, ಒಂದೇ ಪ್ರಮಾಣದಲ್ಲಿ ಕೊಟ್ಟರು. ಗುರುಪಾದ ಕೆಲವು ತಿಂಗಳಲ್ಲಿ ಬಿಟ್ಟ. ಈಗ ಅವನ ಗೊರಕೆ ಕೊಟ್ಟಿಗೆಯವರೆಗೂ ಕೇಳುತ್ತದೆ. ಮುದ್ದಯ್ಯನಿಗೆ ಮೊದಲು ಅರ್ಧ ಮಾತ್ರೆ ಸಾಕಾಗುತ್ತಿತ್ತು. ಆಮೇಲೆ ಒಂದು ಬೇಕಾಯಿತು, ಆಮೇಲೆ ಒಂದೂವರೆ. ಯಾರಿಗೂ ಹೇಳದೆ ಎರಡು ಸಲ ಪೂರ್ತಿ ನಿಲ್ಲಿಸಿ ನೋಡಿದ. ಎರಡು ಸಲವೂ ಮೂರನೆಯ ದಿನಕ್ಕೆ ಕೈ ನಡುಗಿ, ಮಕ್ಕಳ ಮುಂದೆ ಸೀಮೆಸುಣ್ಣ ಕೆಳಗೆ ಬಿತ್ತು.

ಇವತ್ತು ಅವನು ನಿಶ್ಚಯ ಮಾಡಿಕೊಂಡು ಬಂದಿದ್ದ. ಗಂಟನ್ನು ಕಲ್ಯಾಣಿಗೆ ಎಸೆಯುವುದು, ಅಯ್ಯನವರ ಪಾದ ಮುಟ್ಟಿ ಇನ್ನು ಮುಟ್ಟೆನೆಂದು ಆಣೆ ಮಾಡುವುದು. ಈ ಸಲವೂ ಸೋತರೆ ಶಾಲೆ ಬಿಡುವುದು. ತಾನೇ ನಡುಗುವವನು ಮಕ್ಕಳಿಗೆ ಧೈರ್ಯದ ಪಾಠ ಹೇಗೆ ಹೇಳಿಯಾನು?

ಅಯ್ಯನವರು ಗಂಟನ್ನು ನೋಡಿದರು. ಅದು ಏನೆಂದು ಅವರು ಕೇಳಲಿಲ್ಲ. ತಿಳಿದಿತ್ತು; ಬಂದ ಕೂಡಲೇ ಮುದ್ದಯ್ಯ ಎಲ್ಲವನ್ನೂ, ಇವತ್ತಿನ ನಿಶ್ಚಯವನ್ನೂ ಹೇಳಿಕೊಂಡಿದ್ದ.

“ಮುದ್ದಯ್ಯ, ಇದಕ್ಕೊಂದು ಕತೆಯಿದೆ. ಹಿರಿಯವರಾಗಿದ್ದರೆ ನಾಲ್ಕು ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಬೇಡದ ಕಡೆ ಬಿಡಿಸಿ ಹೇಳುತ್ತೇನೆ, ಬೇಕಾದ ಕಡೆ ಮರೆಯುತ್ತೇನೆ. ಕೆಟ್ಟದಾಗಿ ಹೇಳಿದರೆ ಕ್ಷಮಿಸು. ಆದರೆ ಮುಗಿಯುವ ತನಕ ಆ ಗಂಟನ್ನು ಹಿಡಿದುಕೊಂಡೇ ಇರು.”

ಮುದ್ದಯ್ಯ ತಲೆಯಾಡಿಸಿದ. ಅಯ್ಯನವರು ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಗಾರೆ ಮೇಸ್ತ್ರಿ ಇದ್ದ. ಒಂದು ಕಟ್ಟಡಕ್ಕೆ ಜೋಡಿ ಕಮಾನು ಕಟ್ಟುವ ಕೆಲಸ ಅವನಿಗೆ ಬಂತು. ಕಮಾನು ಎಂದರೆ, ಇಟ್ಟಿಗೆಯನ್ನು ಹೀಗೆ ಬಾಗಿಸಿ...

“ಕಮಾನು ಗೊತ್ತು ಬುದ್ಧಿ.”

“ಗೊತ್ತಿದ್ದರೂ ಕೇಳಪ್ಪ. ಹೇಳದೆ ಬಿಟ್ಟರೆ ಮುಂದಿನದು ನನಗೇ ಮರೆತುಹೋಗುತ್ತದೆ.”

ಇಟ್ಟಿಗೆ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಮೊದಲು ಕೆಳಗೆ ಮರದ ಅಚ್ಚು ಕಟ್ಟುತ್ತಾರೆ. ಅಚ್ಚಿಗೆ ಊರುಗೋಲು ಕೊಡುತ್ತಾರೆ. ಕೋಲಿನ ಬುಡಕ್ಕೆ ಬೆಣೆ ಬಡಿದು ಬಿಗಿ ಮಾಡುತ್ತಾರೆ. ಆಮೇಲೆ ಅಚ್ಚಿನ ಮೇಲೆ ಇಟ್ಟಿಗೆ ಜೋಡಿಸಿ ನಡುವೆ ಸುಣ್ಣದ ಗಾರೆ ತುಂಬುತ್ತಾರೆ. ಗಾರೆ ಗಟ್ಟಿಯಾಗುವ ತನಕ ಕಮಾನಿನ ಭಾರವೆಲ್ಲ ಕೋಲಿನ ಮೇಲೆ. ಗಟ್ಟಿಯಾದ ಮೇಲೆ ಬೆಣೆ ಬಡಿದು ತೆಗೆದರೆ ಕೋಲು ಸಡಿಲವಾಗಿ, ಕಮಾನು ತನ್ನ ಭಾರವನ್ನು ತಾನು ಹೊರುತ್ತದೆ. ಕೋಲು ಕೊಡುವುದು ತಪ್ಪಲ್ಲ ಎಂಬುದನ್ನು ಗಮನಿಸು. ಕೋಲಿಲ್ಲದೆ ಯಾವ ಕಮಾನೂ ಎದ್ದದ್ದಿಲ್ಲ.

ಆ ಮೇಸ್ತ್ರಿ ಎರಡು ಕಮಾನುಗಳನ್ನೂ ಒಂದೇ ವಾರದಲ್ಲಿ ಕಟ್ಟಿದ. ಒಂದೇ ಭಟ್ಟಿಯ ಇಟ್ಟಿಗೆ, ಒಂದೇ ಗುಂಡಿಯ ಗಾರೆ, ಒಂದೇ ಕೈ. ಬೇರೆಯಾಗಿದ್ದುದು ಊರುಗೋಲು ನಿಂತ ನೆಲ ಮಾತ್ರ. ಒಂದು ಕಮಾನಿನ ಕೆಳಗೆ ಬಂಡೆಯಿತ್ತು. ಇನ್ನೊಂದರ ಕೆಳಗೆ ಯಾವ ಕಾಲದಲ್ಲೋ ಮುಚ್ಚಿದ ಬಾವಿಯಿತ್ತು. ಮೇಲೆ ನೋಡಿದರೆ ಮಣ್ಣು, ಒಳಗೆಲ್ಲ ತೇವ. ಗೋಡೆಯ ಬುನಾದಿ ಎರಡು ಕಡೆಯೂ ಕಲ್ಲಿನ ಮೇಲೆಯೇ ಇತ್ತು, ಅದನ್ನು ಹೇಳಲು ಮರೆತೆ. ಆ ಬಗ್ಗೆ ಭಯವಿರಲಿಲ್ಲ.

ಬಂಡೆಯ ಮೇಲಿನ ಕೋಲು ಇಟ್ಟಲ್ಲೇ ನಿಂತಿತು. ಬಾವಿಯ ಮೇಲಿನ ಕೋಲು ದಿನಕ್ಕಿಷ್ಟು ಮಣ್ಣಿಗೆ ಇಳಿಯಿತು. ಮೇಸ್ತ್ರಿ ಬೆಣೆಯನ್ನು ಇನ್ನಷ್ಟು ಬಡಿದ. ನಾಲ್ಕು ದಿನಕ್ಕೆ ಕೋಲು ಮತ್ತೆ ಇಳಿಯಿತು. ಇನ್ನೊಂದು ಬೆಣೆ ಬಡಿದ. ಮೊದಲು ಒಂದು ಬೆಣೆ ಎತ್ತುತ್ತಿದ್ದ ಭಾರವನ್ನು ಎತ್ತಲು ಈಗ ಮೂರು ಬೇಕಾದವು. ಭಾರ ಹೆಚ್ಚಿರಲಿಲ್ಲ. ನೆಲ ಒಳಗೆ ಸರಿಯುತ್ತಿತ್ತು, ಅಷ್ಟೇ.

ಆ ಕಡೆಯ ಗಾರೆಯವರಲ್ಲಿ ಒಂದು ಪದ್ಧತಿಯಿತ್ತು. ಜೋಡಿ ಕಮಾನಿಗೆ ಒಂದೇ ತೆಂಗಿನಕಾಯಿ. ಒಂದೇ ಗಳಿಗೆಯಲ್ಲಿ ಕಾಯಿ ಒಡೆದು ಎರಡರ ಬೆಣೆಯನ್ನೂ ಒಟ್ಟಿಗೆ ತೆಗೆಯಬೇಕು. ಒಂದನ್ನು ಬಿಡಿಸಿ ಇನ್ನೊಂದನ್ನು ಬಿಟ್ಟರೆ ಕೆಲಸ ಅರ್ಧವಾಯಿತೆಂದು ಲೆಕ್ಕ, ಮೇಸ್ತ್ರಿಗೆ ಅವಮಾನ. ಇಪ್ಪತ್ತೊಂದನೆಯ ದಿನ ಮೇಸ್ತ್ರಿ ಕಾಯಿ ಒಡೆದ. ಎರಡು ಕಡೆಯೂ ಬೆಣೆ ತೆಗೆಸಿದ.

ಬಂಡೆಯ ಕಮಾನು ನಿಂತಿತು. ಬಾವಿಯ ಕಮಾನು ನರಳಿತು. ನಡುಮಧ್ಯೆ ಬೆರಳು ಹೋಗುವಷ್ಟು ಬಿರುಕು ಬಿಟ್ಟು ಎರಡು ಇಟ್ಟಿಗೆ ಉದುರಿದವು. ಆಳುಗಳು ಓಡಿ ಬಂದು ಕೋಲನ್ನು ಮತ್ತೆ ಕೊಟ್ಟರು. ಯಾರಿಗೂ ಪೆಟ್ಟಾಗಲಿಲ್ಲ.

ನೋಡಲು ಬಂದವರು ಸುಮ್ಮನಿರುತ್ತಾರೆಯೇ? “ಇದು ದುಡಿಯುವ ಮಗ, ಅದು ಉಂಡು ಮಲಗುವ ಮಗ” ಎಂದರು. ಮೇಸ್ತ್ರಿಗೆ ರೇಗಿತು. ವಾರ ಬಿಟ್ಟು ಮತ್ತೆ ಬೆಣೆ ತೆಗೆಸಿದ. ಬಿರುಕು ಇನ್ನೂ ಅಗಲವಾಯಿತು. ಕೋಲನ್ನು ಹಾಗೇ ಬಿಡೋಣವೆಂದರೆ ಅದು ಜನ ಒಳಗೆ ಬರುವ ದಾರಿ. ಕಮಾನನ್ನೇ ಕೆಡವಿಬಿಡುತ್ತೇನೆ ಎಂದು ಹಾರೆ ತರಿಸಿದ.

ಅವನಿಗೆ ಸುಣ್ಣ ಸುಟ್ಟು ಕೊಟ್ಟವಳು ಒಬ್ಬಳು ಮುದುಕಿ. ಅವಳು ಬಂದು ಹಾರೆಯ ಮೇಲೆ ಕಾಲಿಟ್ಟು ನಿಂತಳು.

“ಏನಪ್ಪಾ ಮೇಸ್ತ್ರಿ, ಕಮಾನಿಗೆ ಬೈತಾ ಇದೀಯಂತೆ. ಅದಕ್ಕೆ ಕಿವಿ ಎಲ್ಲಿ ಇಟ್ಟಿದೀಯ?”

“ನೀನೂ ನಗು ಅಜ್ಜಿ. ಅದೇ ಇಟ್ಟಿಗೆ, ನಿನ್ನದೇ ಸುಣ್ಣ, ನನ್ನದೇ ಕೈ. ಅದು ನಿಂತಿತು, ಇದಕ್ಕೇನು ರೋಗ? ಹಟಮಾರಿ ಇದು.”

“ಕಾಯಿ ಒಂದೇ ಒಡೆದೆ, ಸರಿ. ಅವು ಕೋಲು ಊರಿದ ನೆಲಾನೂ ಒಂದೇನಾ?”

ಮೇಸ್ತ್ರಿ ಕೋಲಿನ ಬುಡದತ್ತ ನೋಡಿದ. ಮುದುಕಿ ಬಿರುಕಿನ ಗಾರೆಯನ್ನು ಉಗುರಿನಿಂದ ಕೆರೆದು ನೋಡಿದಳು. ಒಳಗಿನ್ನೂ ಹಸಿಯಿತ್ತು. ತೇವದ ಜಾಗದಲ್ಲಿ ಸುಣ್ಣ ನಿಧಾನ. ನಿಧಾನವೇ ಹೊರತು ಕೆಟ್ಟದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಒಂದು ಉಪಾಯ ಹೇಳಿದಳು.

ಆ ಉಪಾಯ ಏನೆಂದರೆ, ಬೆಣೆಯ ಬದಲು ಒರಳು. ಅಗಲವಾದ ಕಲ್ಲೊರಳು ಮಣ್ಣಿನಲ್ಲಿ ಬೇಗ ಹೂತುಹೋಗುವುದಿಲ್ಲ. ಒರಳಿನ ತುಂಬ ಮರಳು ತುಂಬಿ, ಕೋಲಿನ ಬುಡವನ್ನು ಆ ಮರಳಿನ ಮೇಲೆ ನಿಲ್ಲಿಸುವುದು. ಬೆಣೆ ತೆಗೆದರೆ ಕೋಲು ಒಮ್ಮೆಗೇ ಜಾರುತ್ತದೆ. ಮರಳಾದರೆ ಪಕ್ಕದಿಂದ ಒಂದು ಹಿಡಿ ತೆಗೆದಾಗ ಕೋಲು ಕೂದಲೆಳೆಯಷ್ಟು ಇಳಿಯುತ್ತದೆ. ಅಷ್ಟೇ ಭಾರ ಕಮಾನಿಗೆ ಹೋಗುತ್ತದೆ. ಕೋಲುಗಳು ನಾಲ್ಕಿದ್ದವು, ಆದ್ದರಿಂದ ನಾಲ್ಕು ಒರಳು ಬೇಕಾದವು. ಮುದುಕಿ ತನ್ನದೊಂದನ್ನು ಕೊಟ್ಟಳು. ಪಕ್ಕದ ಓಣಿಯ ಮೂರು ಮನೆಯವರು ಮೂರು ಕೊಟ್ಟರು. ಕೊಟ್ಟು ಸುಮ್ಮನಿರಲಿಲ್ಲ. “ಮೇಸ್ತ್ರಿ, ನಿನ್ನ ಕಮಾನು ಕೋಲು ಬಿಡೋದು ಯಾವಾಗ, ನಾವು ಚಟ್ನಿ ತಿನ್ನೋದು ಯಾವಾಗ?” ಎಂದು ದಿನಾ ಕೇಳುತ್ತಿದ್ದರು. ಕೇಳಿದರೇ ಹೊರತು ಒಬ್ಬರೂ ಒರಳನ್ನು ವಾಪಸು ಒಯ್ಯಲಿಲ್ಲ.

ಮುದುಕಿ ಇನ್ನೊಂದು ಮಾತು ಹೇಳಿದ್ದಳು. ಉದುರಿದ ಇಟ್ಟಿಗೆ ಮತ್ತೆ ಕೂರಿಸಿ ಬಿರುಕಿಗೆ ಗಾರೆ ತುಂಬು. ಅದರ ಮೇಲೆ ಅಡ್ಡಲಾಗಿ ತೆಳ್ಳಗೆ ಸುಣ್ಣದ ಪಟ್ಟಿ ಎಳೆ. ಮರಳು ತೆಗೆದ ಮೇಲೆ ಪಟ್ಟಿಯನ್ನು ನೋಡು. ಪಟ್ಟಿ ಅಖಂಡವಾಗಿದ್ದರೆ ನಾಲ್ಕು ದಿನ ಬಿಟ್ಟು ಇನ್ನೊಂದು ಹಿಡಿ ತೆಗೆ. ಸೀಳಿದರೆ ನಿಲ್ಲಿಸು. ಬೈಬೇಡ, ಪಕ್ಕದ ಕಮಾನನ್ನು ತೋರಿಸಬೇಡ. ಅದು ಒಣಗಲಿ, ಆಮೇಲೆ ಹಿಡಿಯ ಬದಲು ಅರ್ಧ ಹಿಡಿ ತೆಗೆ.

ಮೇಸ್ತ್ರಿ ಹಾಗೇ ಮಾಡಿದ. ಮೊದಲ ತಿಂಗಳು ಚೆನ್ನಾಗಿ ಸಾಗಿತು. ಎರಡನೆಯ ತಿಂಗಳಲ್ಲಿ ಒಮ್ಮೆ ಪಟ್ಟಿ ಸೀಳಿತು. ಅವನು ಒಂಬತ್ತು ದಿನ ಒರಳನ್ನು ಮುಟ್ಟಲಿಲ್ಲ. ಒರಳು ಬರಿದಾಗುತ್ತ ಬಂದಂತೆ ಕೆಲಸ ಇನ್ನೂ ನಿಧಾನವಾಯಿತು. ಮೊದಲು ಹಿಡಿಗಟ್ಟಲೆ ತೆಗೆದವನು ಕೊನೆಯಲ್ಲಿ ಚಿಟಿಕೆಯ ಲೆಕ್ಕಕ್ಕೆ ಬಂದ. ಕೊನೆಯ ಹಿಡಿ ಮರಳಿಗೆ ಮೊದಲಿನ ಹತ್ತು ಹಿಡಿಗಿಂತ ಹೆಚ್ಚು ದಿನ ಹಿಡಿಯಿತು.

ನಾಲ್ಕನೆಯ ತಿಂಗಳು ಒಂದು ಬೆಳಗ್ಗೆ ಮೇಸ್ತ್ರಿ ಬಂದು, ಅಭ್ಯಾಸದಂತೆ ಕೋಲಿನ ಮೇಲೆ ಕೈಯಿಟ್ಟ. ಕೋಲು ಅಲುಗಾಡಿತು. ಅದರ ಮೇಲೆ ಭಾರವೇ ಇರಲಿಲ್ಲ. ಒರಳಿನಲ್ಲಿ ಇನ್ನೂ ಒಂದು ಚಿಟಿಕೆ ಮರಳಿತ್ತು. ಕಮಾನು ಯಾವ ದಿನ ಕೋಲನ್ನು ಬಿಟ್ಟಿತೆಂದು ಯಾರಿಗೂ ತಿಳಿಯಲಿಲ್ಲ. ಮೇಸ್ತ್ರಿ ಕೋಲನ್ನು ಬದಿಗಿಟ್ಟು, ಒರಳುಗಳನ್ನು ತೊಳೆದು, ಹೊತ್ತುಕೊಂಡು ಹೋಗಿ ಮನೆಮನೆಗೆ ಕೊಟ್ಟುಬಂದ. ಆಮೇಲೆ ಇನ್ನೊಂದು ಕಾಯಿ ತಂದು ಒಡೆದ. ಜೋಡಿ ಕಮಾನಿಗೆ ಎರಡು ಕಾಯಿ ಒಡೆದದ್ದು ಆ ಕಡೆ ಅದೇ ಮೊದಲು.

ಅಯ್ಯನವರು ನಿಲ್ಲಿಸಿದರು. ಮುದ್ದಯ್ಯ ಗಂಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ.

“ಹಾಗಾದರೆ ಬುದ್ಧಿ, ಇದನ್ನು ಎಸೆಯುವುದು...”

“ಎಸೆದರೆ ಬೆಣೆ ಎಳೆದಂತೆ. ನೀನು ಎರಡು ಸಲ ಎಳೆದು ನೋಡಿದ್ದೀಯಲ್ಲ. ಆಣೆ ಮಾಡಿ ಎಳೆದರೂ ಬೆಣೆ ಬೆಣೆಯೇ. ಮೂರನೆಯ ಸಲ ಸೀಮೆಸುಣ್ಣದ ಬದಲು ನೀನೇ ಬಿದ್ದೀಯೆ. ಕತೆ ಸರಿಯಾಗಿ ತಿಳಿಯಿತೋ ಇಲ್ಲವೋ, ಬಿಡಿಸಿ ಹೇಳುತ್ತೇನೆ.”

“ತಿಳಿಯಿತು ಬುದ್ಧಿ.”

“ಆದರೂ ಹೇಳುತ್ತೇನೆ. ಊರುಗೋಲು ಎಂದರೆ ನಿನ್ನ ಮಾತ್ರೆ. ಅರ್ಧ ಹೋಗಿ ಒಂದೂವರೆ ಆಯಿತಲ್ಲ, ಅದು ಬೆಣೆ ಬಡಿದದ್ದು. ನೆಲ ಎಂದರೆ ನಿನ್ನ ಮೈ. ಗುರುಪಾದನ ಮೈ ಬೇರೆ, ನಿನ್ನದು ಬೇರೆ. ಅದನ್ನು ಅವನೂ ಆರಿಸಿಕೊಂಡು ಬಂದಿಲ್ಲ, ನೀನೂ ಆರಿಸಿಕೊಂಡು ಬಂದಿಲ್ಲ. ಮೇಸ್ತ್ರಿ ಎಂದರೆ ವೈದ್ಯರು. ಮರಳು ತೆಗೆಯುವವರು ಅವರು, ನೀನಲ್ಲ, ನಾನೂ ಅಲ್ಲ. ನಾಳೆ ಬೆಳಗ್ಗೆ ಅವರ ಹತ್ತಿರ ಹೋಗೋಣ, ನಾನೂ ಬರುತ್ತೇನೆ. ಯಾರಿಗೂ ಹೇಳದೆ ನಿಲ್ಲಿಸಿದ್ದನ್ನೂ ಅವರಿಗೆ ಹೇಳು. ಸುಣ್ಣದ ಪಟ್ಟಿ ಎಂದರೆ ನಿನ್ನ ಕೈ, ನಿನ್ನ ನಿದ್ದೆ. ಅದು ಸೀಳಿದ ದಿನ ಬಚ್ಚಿಡದೆ ತೋರಿಸಬೇಕು. ಇನ್ನು ಒರಳು. ಒರಳು ಎಂದರೆ...”

“ಬುದ್ಧೀ!” ಒಳಗಿನಿಂದ ಅಡುಗೆಯ ಚೆನ್ನಾಜಮ್ಮನ ದನಿ ಬಂತು. “ಪಂಕ್ತಿ ಕೂತು ಆಗಲೇ ಎಷ್ಟು ಹೊತ್ತಾಯ್ತು! ನೀವು ಬರದೆ ಯಾರೂ ತುತ್ತು ಎತ್ತೋ ಹಾಗಿಲ್ಲ. ಸಾರು ಆರ್ತಾ ಇದೆ. ಮುದ್ದಯ್ಯಂಗೂ ಎಲೆ ಹಾಕಿದೀನಿ, ಅವನನ್ನೂ ಎಬ್ಬಿಸ್ಕೊಂಡು ಬನ್ನಿ!”

“ಬಂದೆ ತಾಯಿ” ಎಂದು ಅಯ್ಯನವರು ಗಡಿಬಿಡಿಯಿಂದ ಎದ್ದರು. ಒರಳಿನ ಮಾತು ಅಲ್ಲೇ ನಿಂತಿತು. ಹೊಸ್ತಿಲ ತನಕ ಹೋದವರು ಏನೋ ನೆನಪಾದಂತೆ ತಿರುಗಿದರು.

“ಮುದ್ದಯ್ಯ, ನೀನೀಗ ಕೂತಿರುವುದು ಆ ಎರಡರಲ್ಲಿ ಯಾವ ಕಮಾನಿನ ಕೆಳಗೆ, ಹೇಳು ನೋಡೋಣ.”

ಮುದ್ದಯ್ಯ ತಲೆಯೆತ್ತಿ ತನ್ನ ಮೇಲಿನ ಕಮಾನನ್ನು ನೋಡಿದ. ಪಕ್ಕದ ಕಮಾನನ್ನು ನೋಡಿದ. ಕೆಳಗೆ ಹಾಸಿದ ಚಪ್ಪಡಿಯನ್ನು ನೋಡಿ, ಮತ್ತೆ ಮೇಲೆ ನೋಡಿದ. ಯಾವುದು ಯಾವುದೆಂದು ಗುರುತು ಸಿಗದೆ, ಗಂಟನ್ನು ಎತ್ತಿಕೊಂಡು ಊಟಕ್ಕೆ ಎದ್ದ.