ಮುಚ್ಚಳದ ಒಳಮೈ

"ಗುರುಗಳೇ, ಮುಖವನ್ನೇ ಕಾಣದವರಿಂದ ವಿದ್ಯೆ ಬರುತ್ತದೆಯೇ?" ಎಂದು ಚನ್ನಮಲ್ಲ ಕೇಳಿದ.

ಚನ್ನಮಲ್ಲ ಮಠಕ್ಕೆ ಬಂದು ಐದು ವರ್ಷವಾಗಿತ್ತು. ಓದಿನಲ್ಲಿ ಚುರುಕು, ಮಾತು ಕಡಿಮೆ. ಜೊತೆಯವರು ಕೆಲವರು ಫೋನಿನಲ್ಲೇ ಸಂಗೀತ, ಫೋನಿನಲ್ಲೇ ವ್ಯಾಕರಣ ಕಲಿಯುವುದನ್ನು ನೋಡಿ ಅವನಿಗೆ ಈ ಅನುಮಾನ ಹುಟ್ಟಿತ್ತು. ಗುರುಗಳದು ಸ್ವಲ್ಪ ಮುಂಗೋಪದ ಸ್ವಭಾವ. ಇಂಥ ಪ್ರಶ್ನೆಗೆ ಗದರಿ ಕಳಿಸುವುದೂ ಉಂಟು. ಅಂದು ಗದರಲಿಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ನೀರುಗಂಟಿ ಇದ್ದನಪ್ಪ. ಊರಾಚೆ ಪಂಪ್‌ಹೌಸು, ಅದರ ಪಕ್ಕದಲ್ಲಿ ಅವನ ಒಂಟಿ ಕೋಣೆಯ ಮನೆ. ಬೆಳಗ್ಗೆ ಈ ಬೀದಿಗೆ, ಸಂಜೆ ಆ ಬೀದಿಗೆ ನೀರು ಬಿಡುವುದು ಅವನ ಕೆಲಸ. ನೀರು ಬಂದರೆ ಊರಿಗೆ ಅವನ ನೆನಪಿಲ್ಲ, ಬಾರದಿದ್ದರೆ ಅವನನ್ನು ಬೈಯದೆ ಊರಿಗೆ ಊಟ ಸೇರುವುದಿಲ್ಲ. ಮಕ್ಕಳಿರಲಿಲ್ಲ. ಹೆಂಡತಿ ಇರುವ ತನಕ ಮನೆಯಲ್ಲಿ ಮಾತಿಗೆ ಕೊರತೆ ಇರಲಿಲ್ಲ. ಅವಳು ತೀರಿಕೊಂಡಳು. ಆಮೇಲೆ ಮೋಟಾರಿನ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿಲ್ಲ. ಒಂದೊಂದು ಸಂಜೆ ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡಲು ದನಿಯೇ ಹೊರಡುತ್ತಿರಲಿಲ್ಲ. ಬೆಳಗಿನಿಂದ ಒಂದು ಮಾತೂ ಆಡಿರುತ್ತಿರಲಿಲ್ಲ, ಅದಕ್ಕೆ.

ಅವಳ ಸೀರೆಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದ. ಒಂದು ದಿನ ಇಳಿಸಿ ನೋಡುತ್ತಾನೆ, ಒಂದು ಸೀರೆಯ ಅಂಚನ್ನು ಇಲಿ ಕಡಿದಿದೆ. ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಆ ಮಧ್ಯಾಹ್ನವೆಲ್ಲ ಕೂತ. ಇದಕ್ಕೊಂದು ಪೆಟ್ಟಿಗೆ ಆಗಲೇಬೇಕು ಎಂದು ಅವನಿಗೆ ಆಗ ಅನ್ನಿಸಿತು.

ಅಂಗಡಿಯಲ್ಲಿ ತಗಡಿನ ಟ್ರಂಕು ಸಿಗುತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಸಿಗುತ್ತಿತ್ತು. ಆದರೆ ಮನೆಯ ಹಿಂದೆ ಹೆಂಡತಿ ಬೀಜ ಊರಿ ಬೆಳೆಸಿದ ಹಲಸಿನ ಮರವೊಂದು ಇತ್ತು, ಅವಳು ಹೋದ ಮರುವರ್ಷ ಗಾಳಿಗೆ ಬಿದ್ದಿತ್ತು. ಅರ್ಧ ಕಾಂಡ ಪೊಳ್ಳು. ಉಳಿದದ್ದನ್ನು ಸಾಮಿಲ್ಲಿನಲ್ಲಿ ಕೊಯ್ಯಿಸಿದಾಗ ಪೆಟ್ಟಿಗೆಯ ಪಕ್ಕಗಳಿಗೆ, ತಳಕ್ಕೆ ಆಗುವಷ್ಟು ಸಣ್ಣ ಹಲಗೆಗಳು, ಜೊತೆಗೆ ಮುಚ್ಚಳಕ್ಕೆ ಆಗುವಂಥ ಅಗಲದ ಹಲಗೆ ಎರಡೇ ಎರಡು ಸಿಕ್ಕಿದ್ದವು. ಅವಳ ಸೀರೆ ಅವಳ ಮರದಲ್ಲೇ ಇರಲಿ ಎಂದು ಅವನ ಆಸೆ.

ಊರಿನ ಬಡಗಿಗಳೆಲ್ಲ ಈಗ ಪ್ಲೈವುಡ್ಡಿನವರು. ಅಳತೆ ಕೊಡಿ, ಸನ್‌ಮೈಕಾ ಅಂಟಿಸಿ ಎರಡು ದಿನಕ್ಕೆ ಕೊಡುತ್ತೇವೆ ಎಂದರು. ಹಲಸಿನ ಹಲಗೆ ಎಂದ ಕೂಡಲೇ ಕೈ ಕೊಡವಿದರು. ಸರಿ, ನಾನೇ ಮಾಡುತ್ತೇನೆ ಎಂದುಕೊಂಡ. ಮೊಳೆ ಹೊಡೆದೂ ಗೊತ್ತಿಲ್ಲದ ಆಸಾಮಿ!

ಫೋನಿನಲ್ಲಿ ಹುಡುಕುತ್ತಾ ಹೋದವನಿಗೆ ಮರಗೆಲಸದವರ ಒಂದು ಬಳಗ ಸಿಕ್ಕಿತು. ಸಾವಿರಾರು ಜನ. ತಲೆತಲಾಂತರದ ಬಡಗಿಗಳಿದ್ದರು, ಮೇಷ್ಟರಿದ್ದರು, ಬಸ್ ಕಂಡಕ್ಟರ್ ಒಬ್ಬನಿದ್ದ, ಬ್ಯಾಂಕಿನ ಮೇಡಂ ಒಬ್ಬರಿದ್ದರು. ಮಾಡಿದ್ದನ್ನು ಫೋಟೊ ತೆಗೆದು ಹಾಕುವರು, ಮಾಡುವ ರೀತಿಯನ್ನು ವಿಡಿಯೊ ಮಾಡಿ ತೋರಿಸುವರು. ನೀರುಗಂಟಿ ಬೇಸಿಗೆಯೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಸುಮ್ಮನೆ ಹೇಳಬಾರದು, ಕಲಿತ ಕೂಡ. ಉಳಿ ಮಸೆಯುವುದು, ಮರದ ಎಳೆ ಯಾವ ಕಡೆಗೆ ಓಡುತ್ತದೆಂದು ನೋಡಿ ಹಲಗೆ ನಯ ಮಾಡುವ ಉಜ್ಜುಗೊರಡು ಹಿಡಿಯುವುದು, ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂರಿಸುವುದು, ಎಲ್ಲ ಬಂತು. ಆದರೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಐವತ್ತಾರು ವರ್ಷದವನು, ಸಾವಿರ ಜನರೆದುರು ನನಗೆ ಗೊತ್ತಿಲ್ಲ ಎನ್ನುವುದು ಹೇಗೆ? ನಾಚಿಕೆ.

ಮಳೆಗಾಲದಲ್ಲಿ ಪೆಟ್ಟಿಗೆ ಮುಗಿಯಿತು. ಅಗಲದ ಹಲಗೆಯೊಂದನ್ನು ಮುಚ್ಚಳ ಮಾಡಿದ. ಅದು ಬಾಗದಿರಲಿ ಎಂದು ಒಳಮೈಗೆ ಎರಡು ಅಡ್ಡಪಟ್ಟಿ ಇಟ್ಟು, ಅಂಟು ಸುರಿದು, ಮೊಳೆ ಜಡಿದು ಬಿಗಿ ಮಾಡಿದ. ಒಳಗಡೆ ಕೆಲಸ ಅಷ್ಟು ಚೆನ್ನಾಗಿರಲಿಲ್ಲ. ಪಟ್ಟಿ ಸೊಟ್ಟ, ಅಂಟು ಇಳಿದು ಒಣಗಿತ್ತು. ಒಳಗೆ ಯಾರು ನೋಡುತ್ತಾರೆ ಎಂದು ಮುಚ್ಚಳ ಮುಚ್ಚಿ, ಮುಂದೆ ನಿಂತು ಫೋಟೊ ತೆಗೆದು ಬಳಗಕ್ಕೆ ಹಾಕಿದ.

ಅಬ್ಬಬ್ಬ, ಇನ್ನೂರು ಜನ ಹೊಗಳಿದರು. ಸೂಪರ್ ಅಣ್ಣಾ, ಭೇಷ್ ಸಾರ್, ಕೈಗೆ ಬಂಗಾರದ ಕಡಗ ಹಾಕಬೇಕು. ಅವನಿಗೆ ಕಣ್ಣು ತುಂಬಿ ಬಂತು. ಹೆಂಡತಿ ಹೋದ ಮೇಲಿನ ಎರಡು ವರ್ಷದಲ್ಲಿ ಅಷ್ಟು ಜನ ಅವನೊಡನೆ ಮಾತಾಡಿದ್ದೇ ಇಲ್ಲ. ಆ ಇನ್ನೂರರಲ್ಲಿ ಕಾಳಾಚಾರ್ ಎಂಬೊಬ್ಬ ಮಾತ್ರ, ಮುಚ್ಚಳ ತಿರುವಿ ಒಳಮೈ ತೋರಿಸುತ್ತೀರಾ ಎಂದು ಕೇಳಿದ್ದ. ಹೆಸರಿನ ಪಕ್ಕ ಫೋಟೊ ಕೂಡ ಇಲ್ಲದವನು. ಹೊಟ್ಟೆಕಿಚ್ಚಿನವನು ಎಲ್ಲ ಕಡೆಯೂ ಒಬ್ಬ ಇರುತ್ತಾನೆ ಎಂದುಕೊಂಡು ನೀರುಗಂಟಿ ಉತ್ತರ ಕೊಡಲಿಲ್ಲ.

ಹೊಗಳಿಕೆ ಮೂರು ದಿನ ಇತ್ತು. ನಾಲ್ಕನೆಯ ದಿನ ಜನ ಬೇರೆ ಯಾರದೋ ಕುರ್ಚಿ ನೋಡಲು ಹೋದರು. ಇವನು ಮತ್ತೆ ಮೋಟಾರು ಕೇಳುತ್ತಾ ಕೂತ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಟಪ್ ಎಂದು ಸದ್ದಾಯಿತು. ಎದ್ದು ನೋಡಿದರೆ ಮುಚ್ಚಳ ಈ ತುದಿಯಿಂದ ಆ ತುದಿಗೆ ಸೀಳಿದೆ, ಬೆರಳು ತೂರುವಷ್ಟು. ಇಲಿಮರಿ ಒಳಗೆ ನುಗ್ಗಲು ಅಷ್ಟು ಸಾಕಲ್ಲವೇ! ಅವನು ಅತ್ತುಬಿಟ್ಟ. ಹೆಂಡತಿ ಹೋದ ದಿನ ಮನೆ ತುಂಬ ಜನ ಇದ್ದರು, ಅಳಲು ಆಗಿರಲಿಲ್ಲ. ಇವತ್ತು ಯಾರೂ ಇರಲಿಲ್ಲ, ಅತ್ತ.

ಸೀಳಿಗೆ ಮರದ ಪುಡಿ, ಅಂಟು ಕಲಸಿ ಮೆತ್ತಿದ. ವಾರಕ್ಕೆ ಮತ್ತೆ ಬಾಯಿ ಬಿಟ್ಟಿತು. ಉಳಿದಿದ್ದ ಇನ್ನೊಂದು ಅಗಲದ ಹಲಗೆಯನ್ನು ಗೋಡೆಯಿಂದ ತೆಗೆದು ಕೆಳಗೆ ಇಟ್ಟುಕೊಂಡ. ಗರಗಸ ಕೈಗೆ ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ. ಮೊದಲನೆಯದು ಯಾಕೆ ಒಡೆಯಿತು ಎಂದೇ ಗೊತ್ತಿಲ್ಲ. ಇದೂ ಹೋದರೆ ಅವಳ ಮರ ಮುಗಿಯಿತು. ನೋಡಿದ ವಿಡಿಯೊಗಳನ್ನೆಲ್ಲ ಮತ್ತೆ ನೋಡಿದ. ಎಲ್ಲರ ಪೆಟ್ಟಿಗೆಯೂ ಮುಚ್ಚಿಯೇ ಇತ್ತು, ಎಲ್ಲರದೂ ಚೆಂದವಾಗಿಯೇ ಇತ್ತು. ಆ ಹೊತ್ತಿಗೇ ಫೋನು ಟಿಂಗ್ ಎಂದಿತು. ಅವನ ಹಳೆಯ ಫೋಟೊ ಯಾರಿಗೋ ಈಗ ಕಣ್ಣಿಗೆ ಬಿದ್ದಿದೆ, ಸೂಪರ್ ಸಾರ್ ಎಂದು ಬರೆದಿದ್ದಾರೆ. ಪಕ್ಕದಲ್ಲಿ ಅದೇ ಮುಚ್ಚಳ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಅವನಿಗೆ ಮೈಯೆಲ್ಲ ಉರಿದುಹೋಯಿತು.

ಮುಚ್ಚಳವನ್ನು ಹೊರಗೆ ಬಿಸಿಲಿಗೆ ತಂದು ಮಗುಚಿ ಹಾಕಿದ. ಸೀಳು, ಮೆತ್ತಿದ್ದು, ಸೊಟ್ಟ ಪಟ್ಟಿ, ಸುರಿದ ಅಂಟು, ಎಲ್ಲ ಕಾಣುವ ಹಾಗೆ ಫೋಟೊ ತೆಗೆದ. ಕೆಳಗೆ ಹೀಗೆ ಬರೆದ: "ಇದು ಒಡೆದಿದೆ. ಯಾಕೆ ಅಂತ ನನಗೆ ಗೊತ್ತಿಲ್ಲ. ಇನ್ನು ಒಂದೇ ಹಲಗೆ ಇದೆ. ಮರ ನಮ್ಮ ಮನೆಯವಳು ನೆಟ್ಟಿದ್ದು, ಅವಳು ಈಗ ಇಲ್ಲ." ಫೋನನ್ನು ಬೋರಲು ಹಾಕಿ ನೀರು ಬಿಡಲು ಹೋದ.

ಬಂದು ನೋಡುತ್ತಾನೆ, ಯಾರೂ ನಗಾಡಿಲ್ಲ. ಸಾಲಾಗಿ ಫೋಟೊಗಳು. ಬ್ಯಾಂಕಿನ ಮೇಡಂ ಅವರ ಮೇಜು, ನಡುವೆ ಸೀಳು. ಕಂಡಕ್ಟರನ ದೇವರ ಪೀಠ, ಎರಡು ಹೋಳು. ನಲವತ್ತು ವರ್ಷ ಕೈ ಪಳಗಿದ ಒಬ್ಬ ಬಡಗಿಯ ಬಾಗಿಲು, ಉಬ್ಬಿ ನಿಂತದ್ದು. ಒಂದೊಂದರ ಕೆಳಗೂ "ನನ್ನದೂ" ಎಂದು ಬರೆದಿತ್ತು. ಇಷ್ಟು ದಿನ ಎಲ್ಲರೂ ಅವನ್ನು ಮಂಚದ ಕೆಳಗೆ, ಅಟ್ಟದ ಮೇಲೆ ಬಚ್ಚಿಟ್ಟುಕೊಂಡಿದ್ದರು.

ಕೊನೆಯಲ್ಲಿ ಕಾಳಾಚಾರ್ ಬರೆದಿದ್ದ: "ಯಜಮಾನ್ರೇ, ಹಲಗೆ ಮಳೆಗಾಲಕ್ಕೆ ಹಿಗ್ಗುತ್ತೆ, ಬೇಸಿಗೆಗೆ ಅಗಲದಲ್ಲಿ ಕುಗ್ಗುತ್ತೆ. ನೀವು ಅಂಟು ಹಾಕಿ ಅದಕ್ಕೆ ಅಲ್ಲಾಡೋಕೆ ಬಿಡಲಿಲ್ಲ, ಒಡೀತು. ಅಂಟು ಬೇಡ. ಪಟ್ಟಿಗೆ ನಡುವೆ ಒಂದು ತಿರುಪುಮೊಳೆ ಬಿಗಿ ಮಾಡಿ, ಅಕ್ಕಪಕ್ಕದ ತಿರುಪುಗಳಿಗೆ ತೂತು ಉದ್ದ ಕೊರೆದು ಸಡಿಲ ಬಿಡಿ. ನಾನು ಇದೇ ತಪ್ಪಲ್ಲಿ ಮೂರು ಮುಚ್ಚಳ ಒಡೆದೆ, ಅದಕ್ಕೇ ಅವತ್ತು ಕೇಳಿದ್ದು." ಅವನ ಕೈ ನಡುಗಲು ಶುರುವಾಗಿ ನಾಲ್ಕು ವರ್ಷವಾಗಿತ್ತಂತೆ. ಉಳಿ ನಿಲ್ಲುತ್ತಿರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ಬೇರೆಯವರ ಕೆಲಸ ನೋಡುತ್ತಿದ್ದನಂತೆ.

ನೀರುಗಂಟಿ ಎರಡನೆಯ ಹಲಗೆಗೆ ಕೈ ಹಾಕಿದ. ಈ ಸಲ ಒಂದೊಂದು ಗೆರೆ ಎಳೆದಾಗಲೂ ಒಳಗೂ ಹೊರಗೂ ತೋರಿಸಿ, ಸರಿಯಾ ಎಂದು ಕೇಳಿದ. ಬಳಗದವರು ಬೈದರು, ತಮ್ಮತಮ್ಮಲ್ಲೇ ಜಗಳವಾಡಿದರು, ತಿದ್ದಿದರು. ಮುಚ್ಚಳ ಆಯಿತು. ಮಳೆ ಹೋಯಿತು, ಬೇಸಿಗೆ ಹೋಯಿತು, ಮುಚ್ಚಳ ನಿಂತಿತು. ಸೀರೆಗಳನ್ನು ಮಡಿಸಿ ಒಳಗಿಟ್ಟ. ನಿಂತಿದೆ ಎಂದು ಕಾಳಾಚಾರಿಗೆ ಬರೆದ. ಸಂತೋಷ, ನಾಳೆ ಏನು ಮಾಡುತ್ತೀರಿ ಎಂದು ಅವನು ಕೇಳಿದ.

ಮನೆಯಲ್ಲಿ ಈಗಲೂ ನೀರುಗಂಟಿ ಒಬ್ಬನೇ. ಅದೇ ಮೋಟಾರು, ಅದೇ ಕೋಣೆ. ಅದೆಲ್ಲ ಹೋಯಿತು ಎಂದು ನಿನಗೆ ಸುಳ್ಳು ಹೇಳಲಾರೆ. ಅವನೂ ಕಾಳಾಚಾರೂ ಒಬ್ಬರ ಮುಖ ಒಬ್ಬರು ಇವತ್ತಿನ ತನಕ ನೋಡಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಪಾಠ ಒಪ್ಪಿಸುವವನ ಹಾಗೆ ಚನ್ನಮಲ್ಲ, "ಹಾಗಾದರೆ ಮುಖ ಕಾಣದವರಿಂದಲೂ ವಿದ್ಯೆ ಬರುತ್ತದೆ ಎಂದಾಯಿತು, ಗುರುಗಳೇ" ಎಂದ.

ಗುರುಗಳು ಹೇಳಿದರು: "ನಿನ್ನ ಮುಖವನ್ನು ಐದು ವರ್ಷದಿಂದ ದಿನವೂ ನೋಡುತ್ತಿದ್ದೇನೆ, ನಿನ್ನಲ್ಲಿ ಒಡೆದಿರುವುದು ಏನೆಂದು ನನಗೆ ಇನ್ನೂ ಗೊತ್ತಿಲ್ಲ."