ಒಂದು ವೀಳ್ಯದಷ್ಟು ಕೆಲಸ

“ಮಹಾಪ್ರಭು, ಎಂಥ ಕಟ್ಟಳೆ ಬರೆದಿದ್ದೀನಿ ಅಂದರೆ, ಇರುವೆ ನುಸುಳೋಕೂ ಇದರಲ್ಲಿ ಸಂದಿಲ್ಲ!”

ಸೊನ್ನಾಪುರದ ತುಂಬಿದ ಓಲಗದಲ್ಲಿ ಮೀಸೆ ತಿರುವುತ್ತಾ ಹೀಗಂದವನು ಕಟ್ಟಳೆ ಮಂತ್ರಿ ದುಗ್ಗಣ್ಣ. ನಾನು ಅಲ್ಲೇ ಕಂಬದ ಪಕ್ಕ ನಿಂತಿದ್ದೆ. ಇದು ನಡೆದು ನಾನೂರು ವರ್ಷವಾಯಿತು ಅನ್ನುವವರು ಅನ್ನಲಿ, ನಾನು ನೋಡಿದ್ದು ನೋಡಿದ್ದೇ.

ಕಟ್ಟಳೆ ಇಷ್ಟು: ಮರಗೆಲಸ, ಗಾರೆಕೆಲಸ, ಕಬ್ಬಿಣದ ಕೆಲಸ ಯಾವುದೇ ಇರಲಿ, ಮಾಡುವವನ ಹತ್ತಿರ ಅರಮನೆಯ ಮುದ್ರೆ ಇರಬೇಕು. ಮುದ್ರೆ ಇಲ್ಲದವನು ಚಿಲ್ಲರೆ ರಿಪೇರಿ ಮಾಡಬಹುದು, ಆದರೆ ಒಂದು ವೀಳ್ಯ ಜಗಿದು ಮುಗಿಯುವುದರೊಳಗೆ ಕೆಲಸ ಮುಗಿಯಬೇಕು. ಒಂದು ಕೆಲಸಕ್ಕೆ ಒಂದೇ ವೀಳ್ಯ. ಮೀರಿದರೆ ಹತಾರ ಕೆರೆಗೆ, ಆಸಾಮಿ ಗಡಿಯಾಚೆಗೆ.

ಮುದ್ರೆ ಕೊಡುವವನು ದುಗ್ಗಣ್ಣ. ಇದುವರೆಗೆ ಮುದ್ರೆ ಸಿಕ್ಕಿದ್ದು ಅವನ ಮೂವರು ಭಾವಮೈದುನರಿಗೆ ಮಾತ್ರ. ಅವರು ಒಂದು ಗೂಟ ಹೊಡೆಯೋಕೆ ಯುಗಾದಿಗೆ ಬಂದರೆ ದೀಪಾವಳಿಗೆ ಎದ್ದುಹೋಗುತ್ತಿದ್ದರು.

ಕಟ್ಟಳೆ ಬಂದ ಮೂರನೇ ದಿನವೇ ಚಿಲ್ಲರೆ ಚೌಡಯ್ಯ ಸಿಕ್ಕಿಬಿದ್ದ. ಕಾಲು ಮುರಿದ ಮಣೆ, ಸೋರುವ ಹೆಂಚು, ಕಿರುಗುಟ್ಟುವ ಬಾಗಿಲು, ಏನಿದ್ದರೂ ಊರಿಗೆ ಅವನೇ ಬೇಕು. ನಿಂಗಜ್ಜಿಯ ಮನೆಯ ಮಾಡಿನ ಮೇಲೆ ಹೆಂಚು ಜೋಡಿಸುತ್ತಿದ್ದವನನ್ನು ಭಟರು ಇಳಿಸಿ, ಹತಾರದ ಚೀಲದ ಸಮೇತ ಓಲಗಕ್ಕೆ ಎಳೆದು ತಂದರು. ನಿಂಗಜ್ಜಿಯೂ ಹಿಂದೆಯೇ ಬಂದಳು.

“ಇವನು ಮಾಡು ಹತ್ತಿ ಕೂತಾಗಿನಿಂದ ಎದುರು ಜಗಲಿಯಲ್ಲಿ ಕೂತು ನಾನೇ ಮೂರು ವೀಳ್ಯ ಜಗಿದಿದ್ದೀನಿ, ಪ್ರಭು. ಗಡಿಪಾರು ಮಾಡಿ!” ಅಂದ ದುಗ್ಗಣ್ಣ.

ಚೌಡಯ್ಯ ಚೀಲವನ್ನು ಎದೆಗೆ ಅವುಚಿಕೊಂಡ. “ಬುದ್ಧೀ, ಈ ಊರು ಬಿಟ್ಟರೆ ನನಗೆ ಬೇರೆ ಊರಿನ ದಾರಿಯೂ ಗೊತ್ತಿಲ್ಲ...”

ಆಗ ರಾಜರಿಗೆ ವೀಳ್ಯ ಮಡಿಸಿಕೊಡುವ ಓಬಯ್ಯ ಸಂಚಿ ಪಕ್ಕಕ್ಕಿಟ್ಟು ಎದ್ದ.

“ಮಂತ್ರಿಗಳೇ, ಯಾರು ಜಗಿಯುವ ವೀಳ್ಯ ಅಂತ ಕಟ್ಟಳೆಯಲ್ಲಿ ಬರೆದಿದೆಯಾ?”

ಕರಣಿಕ ಕಟ್ಟಳೆಯ ಓಲೆ ತಿರುಗಿಸಿ ಮುರುಗಿಸಿ ನೋಡಿದ. “ಇಲ್ಲ ಸ್ವಾಮಿ.”

“ಹಾಗಾದರೆ ಮನೆ ಯಾರದೋ ಬಾಯಿ ಅವರದು. ನಿಂಗಜ್ಜಿ, ಬಾರವ್ವ ಹೀಗೆ.”

ಅಜ್ಜಿ ಬಂದಳು. ಎಡಗೆನ್ನೆ ಲಿಂಬೆಹಣ್ಣಿನಷ್ಟು ಉಬ್ಬಿತ್ತು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

“ಅಜ್ಜಿ, ಚೌಡಯ್ಯ ಕೆಲಸ ಶುರು ಮಾಡಿದಾಗ ಹಾಕಿಕೊಂಡ ಎಲೆ ಅಡಿಕೆ ಏನಾಯ್ತು?”

“ಎಲ್ಲಿ ಏನಾಗ್ತದಪ್ಪ! ಅಡಿಕೆ ಇನ್ನೂ ಮೆತ್ತಗೇ ಆಗಿಲ್ಲ. ನೋಡ್ತೀಯಾ?” ಅಂತ ಬಾಯಿ ತೆರೆದಳು.

“ಬೇಡ, ಬೇಡ!” ಅಂದರು ರಾಜರು, ಸಿಂಹಾಸನದಲ್ಲೇ ಹಿಂದೆ ಸರಿದು. “ಚೌಡಯ್ಯನ ತಪ್ಪಿಲ್ಲ!”

ಸಭೆಯೆಲ್ಲ ನಕ್ಕಿತು. ದುಗ್ಗಣ್ಣ ನೆಲ ಒದ್ದ. “ಮೋಸ! ಇದನ್ನ ಈಗಲೇ ತಿದ್ದಬೇಕು. ಅಳತೆಗೆ ಒಂದೇ ಬಾಯಿ, ದುಗ್ಗಣ್ಣನ ಬಾಯಿ! ಬರಕೋ!”

“ಅಯ್ಯೋ, ಬೇಡ ಮಂತ್ರಿಗಳೇ,” ಅಂದ ಓಬಯ್ಯ, ತೀರಾ ಬೆದರಿದವನ ಹಾಗೆ.

“ನೋಡಿದಿರಾ, ಹೆದರಿದ! ಬರಕೋ ಅಂದೆ!”

ಕರಣಿಕ ಬರೆದ. ರಾಜರು ಮುದ್ರೆ ಒತ್ತಿದರು. ಮಸಿ ಆರುವುದನ್ನೇ ಕಾದಿದ್ದ ಓಬಯ್ಯ ಕೈ ಮುಗಿದ.

“ಪ್ರಭು, ಅಕ್ಕಿ ಅಳೆಯಬೇಕಾದರೆ ಸೇರನ್ನ ಅಕ್ಕಿಯ ಹತ್ತಿರ ಒಯ್ಯುತ್ತೀವಿ. ಹಾಗೇ ಊರಲ್ಲಿ ಚಿಲ್ಲರೆ ಕೆಲಸ ನಡೆದಲ್ಲೆಲ್ಲ ಮಂತ್ರಿಗಳ ಬಾಯಿ ಹೋಗಬೇಕಲ್ಲವೇ?”

“ಹೋಗಲೇಬೇಕು,” ಅಂದರು ರಾಜರು. ಅವರಿಗಾಗಲೇ ನಗು ಒತ್ತಿಬರುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ದುಗ್ಗಣ್ಣನ ಬಾಗಿಲಲ್ಲಿ ಜಾತ್ರೆ! “ಮಂತ್ರಿಗಳೇ, ನಮ್ಮ ಒಲೆ ಬಿರುಕು ಬಿಟ್ಟಿದೆ, ಬಂದು ಜಗೀರಿ.” “ಸ್ವಾಮಿ, ನೇಗಿಲ ಬೆಣೆ ಸಡಿಲಾಗಿದೆ, ನಮಗೊಂದು ವೀಳ್ಯ.” “ನಮ್ಮ ತೊಟ್ಟಿಲು ಮೊದಲು, ಮಗು ಅಳ್ತಿದೆ!” ಆವತ್ತು ಅವನು ಜಗಿದದ್ದು ಎಂಬತ್ತು ವೀಳ್ಯ. ನಾನೇ ಎಣಿಸಿದ್ದು, ಬೇಕಿದ್ದರೆ ಹತ್ತು ಕಡಿಮೆ ಮಾಡಿಕೊಳ್ಳಿ. ಎರಡನೇ ದಿನಕ್ಕೆ ಸುಣ್ಣ ಸುಟ್ಟು ನಾಲಗೆ ಬದನೆಕಾಯಿಯಂತೆ ಊದಿತು. ಮೊಸರನ್ನ ತಾಗಿದರೂ ಕುಣಿಯುತ್ತಿದ್ದ.

ಮೂರನೇ ದಿನ ಅವನ ಮನೆಯ ಬಚ್ಚಲ ಬಾಗಿಲು ಒಳಗಿನಿಂದ ಕಚ್ಚಿಕೊಂಡಿತು. ಒಳಗೆ ಸಿಕ್ಕಿಕೊಂಡವಳು ಹೆಂಡತಿ ರಾಚಮ್ಮ.

“ಏನ್ರೀ! ಆ ಚೌಡಯ್ಯನ್ನ ಕರೀರಿ!”

“ಮುದ್ರೆ ಇರೋ ನಿನ್ನ ತಮ್ಮನ್ನ...”

“ಅವನಿಗೆ ಉಳಿ ಯಾವ ಕಡೆ ಹಿಡೀಬೇಕು ಅಂತಾನೇ ಗೊತ್ತಿಲ್ಲ. ಚೌಡಯ್ಯನ್ನ ಕರೀರಿ ಅಂದೆ!”

ಚೌಡಯ್ಯ ಬಂದ. ದುಗ್ಗಣ್ಣ ಕಣ್ಣೀರು ಸುರಿಸುತ್ತಾ ವೀಳ್ಯ ಬಾಯಿಗಿಟ್ಟ, ಉರಿ ತಡೆಯದೆ ನಾಲ್ಕೇ ಜಗಿತಕ್ಕೆ ಉಗಿದುಬಿಟ್ಟ. ಚೌಡಯ್ಯ ಅರ್ಧ ಕಳಚಿದ ಬಾಗಿಲ ತಿರುಗಣಿಯಿಂದ ಕೈ ತೆಗೆದ.

“ವೀಳ್ಯ ಮುಗೀತು ಬುದ್ಧಿ. ಇನ್ನು ಮುಟ್ಟಿದರೆ ಗಡಿಪಾರು.”

ಒಳಗಿನಿಂದ ರಾಚಮ್ಮ ಗಂಡನ ಏಳು ತಲೆಮಾರಿನ ಹೆಸರು ಹಿಡಿದು ಬೈಯತೊಡಗಿದಳು.

ದುಗ್ಗಣ್ಣ ಚೌಡಯ್ಯನ ರಟ್ಟೆ ಹಿಡಿದು ಓಲಗಕ್ಕೆ ಓಡಿ, ರಾಜರ ಕಾಲಿಗೆ ಬಿದ್ದ. “ಪ್ಪಭು... ಕತ್ತಲೆ... ಹಯಿದುಹಾಕಿ!”

“ಕತ್ತಲೆಯೇ? ಇಷ್ಟು ಬಿಸಿಲಿದೆಯಲ್ಲ!”

“ಕಟ್ಟಳೆ ಹರಿದುಹಾಕಿ ಅಂತಿದ್ದಾರೆ, ಪ್ರಭು,” ಅಂದ ಓಬಯ್ಯ. “ನಾಲಗೆ ಮುದ್ರೆಯ ಕೆಲಸದವರ ಹಾಗೆ ರಜೆಯಲ್ಲಿದೆ.”

ರಾಜರು ನಗುತ್ತಲೇ ಓಲೆಯನ್ನು ಎರಡು ಮಾಡಿ ಎಸೆದರು. ಚೌಡಯ್ಯನ ಹೆಗಲಿಗೆ ತಮ್ಮ ಜರಿಶಾಲು ಹೊದಿಸಿ, “ಹೋಗಯ್ಯಾ, ಆ ತಾಯಿಯನ್ನ ಹೊರಗೆ ಬಿಡು. ಇನ್ನು ನಿನ್ನನ್ನ ಯಾರೂ ತಡೆಯಲ್ಲ,” ಅಂದರು.

ಚೌಡಯ್ಯ ಚೀಲ ಎತ್ತಿಕೊಂಡು ಹೊರಟ. ದುಗ್ಗಣ್ಣ ಸರಸರ ಹಿಂದೆ ಹೋಗಿ, ಊದಿದ ಬಾಯಲ್ಲೇ ಓಲಗಕ್ಕೆಲ್ಲ ಕೇಳುವಷ್ಟು ಜೋರಾಗಿ ಪಿಸುಗುಟ್ಟಿದ: “ಚೌದಯ್ಯ... ಒಲಗೆ ಅವಳ ಕೈಲಿ ತಾಮ್ಮದ ಚೆಂಬಿದೆ. ಬಾಗಿಲು ಸೊಲ್ಪ ನಿಧಾನಕ್ಕೆ ತೆಗಿ.”

ಓಬಯ್ಯ ರಾಜರಿಗೆ ಎಲೆ ಮಡಿಸುತ್ತಾ ಕೂತಲ್ಲಿಂದಲೇ ಕೂಗಿದ:

“ನಿಧಾನದ ಕೆಲಸ ಬೇಕಿದ್ದರೆ ಮುದ್ರೆಯವರನ್ನೇ ಕರೆಸಬೇಕಿತ್ತು, ಮಂತ್ರಿಗಳೇ!”